ಒಪ್ಪಂದದ ಕೊನೆಯ ಪುಟದ ಆ ಎರಡು ಸಾಲು

ಫೈನಾನ್ಸ್ ಕಂಪನಿಯಿಂದ ಟ್ರ್ಯಾಕ್ಟರ್ ಸಾಲ ತೆಗೆದವರು, ಬಿಲ್ಡರ್ ಜತೆ ಜಂಟಿ ಅಭಿವೃದ್ಧಿ ಕರಾರಿಗೆ ರುಜು ಹಾಕಿದ ಸೈಟಿನ ಮಾಲೀಕರು, ಪೀಣ್ಯದಲ್ಲಿ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಯವರು, ಅಮೆರಿಕದ ಗಿರಾಕಿಗೆ ಸಾಫ್ಟ್‌ವೇರ್ ಬರೆದುಕೊಡುವ ಬೆಂಗಳೂರಿನ ಕಂಪನಿಯವರು. ಇವರೆಲ್ಲರ ಕಡತಗಳನ್ನು ತೆರೆದು ನೋಡಿದರೆ ಕೊನೆಯ ಪುಟಗಳಲ್ಲಿ ಒಂದೇ ಧಾಟಿಯ ಎರಡು ಸಾಲು ಸಿಗುತ್ತದೆ: 'ಈ ಕರಾರಿನಿಂದ ಹುಟ್ಟುವ ಯಾವುದೇ ವಿವಾದವನ್ನು 1996ರ ಕಾಯ್ದೆಯ ಪ್ರಕಾರ ಒಬ್ಬ ಆರ್ಬಿಟ್ರೇಟರ್‌ಗೆ ಒಪ್ಪಿಸತಕ್ಕದ್ದು. ಆರ್ಬಿಟ್ರೇಷನ್ನಿನ ಸೀಟ್ ಚೆನ್ನೈ ಆಗಿರತಕ್ಕದ್ದು.' ಸಾಲದ ಮೊತ್ತ, ಬಡ್ಡಿ, ಕಂತು ಎಲ್ಲವನ್ನೂ ಎರಡೆರಡು ಸಲ ಓದಿದವರೂ ಈ ಸಾಲುಗಳನ್ನು ಓದದೆ ರುಜು ಹಾಕುತ್ತಾರೆ. ಜಗಳ ಹುಟ್ಟಿದ ದಿನ ಗೊತ್ತಾಗುತ್ತದೆ: ಊರಿನ ಸಿವಿಲ್ ಕೋರ್ಟಿಗೆ ನೇರವಾಗಿ ಹೋಗುವ ದಾರಿಯನ್ನು ನಾವೇ ಮುಚ್ಚಿಕೊಂಡಿದ್ದೇವೆ, ವಿಚಾರಣೆಯ ನೆಲೆ ಬೇರೊಂದು ರಾಜ್ಯದಲ್ಲಿದೆ.

ಆರ್ಬಿಟ್ರೇಷನ್ ಎಂದರೆ ಕಕ್ಷಿದಾರರು ತಾವೇ ಒಪ್ಪಿ ಆರಿಸಿಕೊಂಡ ಖಾಸಗಿ ತೀರ್ಪುಗಾರರ ಮುಂದೆ ನಡೆಯುವ ವಿಚಾರಣೆ. ರಾಜಿ ಮಾಡಿಸುವ ಮೀಡಿಯೇಷನ್ ಬೇರೆ. ಅಲ್ಲಿ ಇಬ್ಬರೂ ಒಪ್ಪದಿದ್ದರೆ ಏನೂ ಆಗುವುದಿಲ್ಲ. ಇಲ್ಲಿ ಆರ್ಬಿಟ್ರೇಟರ್ ಕೊಡುವ ಅವಾರ್ಡ್ ಸೋತವರಿಗೆ ಇಷ್ಟವಿರಲಿ ಬಿಡಲಿ, ಕೋರ್ಟಿನ ಡಿಕ್ರಿಯಷ್ಟೇ ಬಲವುಳ್ಳದ್ದು. ಇದನ್ನು ನಡೆಸುವ ದೇಶದ ಕಾನೂನು 1996ರ ಮಧ್ಯಸ್ಥಿಕೆ ಮತ್ತು ರಾಜಿಸಂಧಾನ ಕಾಯ್ದೆ. ಅದಕ್ಕೂ ಮೊದಲು ದೇಶದೊಳಗಿನ ವ್ಯಾಜ್ಯಕ್ಕೆ 1940ರ ಕಾಯ್ದೆ, ವಿದೇಶದ ಅವಾರ್ಡುಗಳಿಗೆ 1937ರ ಮತ್ತು 1961ರ ಎರಡು ಕಾಯ್ದೆಗಳು ಇದ್ದವು. 1940ರ ಕಾಯ್ದೆಯಡಿ ಹೆಜ್ಜೆಹೆಜ್ಜೆಗೂ ಕೋರ್ಟು ಬೇಕಿತ್ತು. ಬೇಗ ಮುಗಿಯಲೆಂದು ಆರ್ಬಿಟ್ರೇಷನ್ನಿಗೆ ಹೋದವರು ದಾವೆ ಹೂಡಿದವರಿಗಿಂತ ಹೆಚ್ಚು ಕಾಲ ಅಲೆಯುತ್ತಿದ್ದರು. ಆರ್ಥಿಕ ಉದಾರೀಕರಣದ ನಂತರ ಹೊರಗಿನ ಬಂಡವಾಳ ಬರತೊಡಗಿದಾಗ ಈ ಸ್ಥಿತಿ ನಡೆಯುವಂತಿರಲಿಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 1985ರಲ್ಲಿ ರೂಪಿಸಿದ್ದ ಮಾದರಿ ಕಾನೂನನ್ನು ಆಧಾರವಾಗಿಟ್ಟುಕೊಂಡು ಮೂರೂ ಕಾಯ್ದೆಗಳ ಜಾಗಕ್ಕೆ ಒಂದನ್ನೇ ತರಲಾಯಿತು. 2015, 2019 ಮತ್ತು 2021ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಗಳಾಗಿವೆ. ಒಂದನೆಯ ಭಾಗ ಭಾರತದೊಳಗೆ ಸೀಟ್, ಅಂದರೆ ಕಾನೂನಿನ ನೆಲೆ, ಇರುವ ಆರ್ಬಿಟ್ರೇಷನ್ನಿಗೆ, ಎರಡನೆಯ ಭಾಗ ವಿದೇಶದಲ್ಲಿ ಬಂದ ಅವಾರ್ಡನ್ನು ಇಲ್ಲಿ ಜಾರಿ ಮಾಡುವುದಕ್ಕೆ. ಈ ವಿಭಜನೆ ನೆನಪಿನಲ್ಲಿದ್ದರೆ ಕಾಯ್ದೆಯ ಅರ್ಧ ತೊಡಕು ಬಿಡಿಸಿದಂತೆಯೇ.

ಎಲ್ಲದರ ಬುನಾದಿ ಒಪ್ಪಂದ. ಸೆಕ್ಷನ್ 7ರ ಪ್ರಕಾರ ಅದು ಲಿಖಿತವಾಗಿರಬೇಕು. ಆದರೆ ಇಬ್ಬರೂ ರುಜು ಹಾಕಿದ ಒಂದೇ ಕಾಗದ ಇರಬೇಕೆಂದಿಲ್ಲ. ಪತ್ರಗಳ ವಿನಿಮಯ, ಇಮೇಲ್ ವಿನಿಮಯ ಕೂಡ ಸಾಕು. ಒಬ್ಬರು ತಮ್ಮ ಹಕ್ಕೊತ್ತಾಯದಲ್ಲಿ 'ಆರ್ಬಿಟ್ರೇಷನ್ ಒಪ್ಪಂದವಿದೆ' ಎಂದು ಬರೆದು, ಎದುರಿನವರು ಉತ್ತರದಲ್ಲಿ ಅದನ್ನು ಅಲ್ಲಗಳೆಯದೆ ಬಿಟ್ಟರೆ ಅಷ್ಟರಿಂದಲೂ ಒಪ್ಪಂದ ಹುಟ್ಟುತ್ತದೆ. ಇಂಥ ಒಪ್ಪಂದವಿದ್ದೂ ಒಬ್ಬರು ಸಿವಿಲ್ ಕೋರ್ಟಿಗೆ ಹೋದರೆ, ಎದುರಿನವರು ಸೆಕ್ಷನ್ 8ರಡಿ ಅರ್ಜಿ ಹಾಕಿ ವ್ಯಾಜ್ಯವನ್ನು ಆರ್ಬಿಟ್ರೇಷನ್ನಿಗೆ ಕಳಿಸಿ ಎನ್ನಬಹುದು. ಅದನ್ನು ವಿವಾದದ ತಿರುಳಿನ ಬಗ್ಗೆ ತಮ್ಮ ಮೊದಲ ಹೇಳಿಕೆ ಸಲ್ಲಿಸುವುದರೊಳಗೆ ಕೇಳಬೇಕು. ಬರಹದ ಉತ್ತರ ಕೊಟ್ಟು ವಿಚಾರಣೆಗೆ ಇಳಿದುಬಿಟ್ಟರೆ ಆ ಹಕ್ಕು ಹೋಯಿತು.

ಎಲ್ಲ ವ್ಯಾಜ್ಯಗಳೂ ಖಾಸಗಿ ತೀರ್ಪುಗಾರರ ಮುಂದೆ ಹೋಗುವಂಥವಲ್ಲ. ಅಪರಾಧ, ವಿಚ್ಛೇದನ, ಮಕ್ಕಳ ಪಾಲನೆ, ದಿವಾಳಿತನ ಇವು ಹೊರಗೆ. 2020ರ ಡಿಸೆಂಬರಿನ ವಿದ್ಯಾ ಡ್ರೋಲಿಯಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅಳತೆಗೋಲು ಕೊಟ್ಟಿದೆ. ಆ ತೀರ್ಪಿನ ಪ್ರಕಾರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುವ ಬಾಡಿಗೆ ವ್ಯಾಜ್ಯ ಆರ್ಬಿಟ್ರೇಷನ್ನಿಗೆ ಹೋಗಬಹುದು, ಬಾಡಿಗೆ ನಿಯಂತ್ರಣ ಕಾನೂನಿನ ರಕ್ಷಣೆಯಿರುವ ವ್ಯಾಜ್ಯ ಹೋಗುವಂತಿಲ್ಲ. ಫ್ಲ್ಯಾಟ್ ಕೊಂಡ ಗ್ರಾಹಕರು ಇನ್ನೊಂದು ಮಾತು ತಿಳಿದಿರಬೇಕು. ಬಿಲ್ಡರ್ ಒಪ್ಪಂದದಲ್ಲಿ ಆರ್ಬಿಟ್ರೇಷನ್ ಎಂದು ಬರೆದಿದ್ದರೂ ಗ್ರಾಹಕ ಆಯೋಗಕ್ಕೆ ಹೋಗುವ ಅವರ ಹಕ್ಕು ಉಳಿದೇ ಇರುತ್ತದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 'ನೀವು ಆರ್ಬಿಟ್ರೇಷನ್ನಿಗೇ ಬರಬೇಕು' ಎಂದು ಬಿಲ್ಡರ್ ಕಚೇರಿಯವರು ಹೇಳಿದರೆ ಹೆದರಬೇಕಾಗಿಲ್ಲ.

ಒಪ್ಪಂದ ಸರಿಯಾದ ಛಾಪಾ ಕಾಗದದ ಮೇಲೆ ಇಲ್ಲದಿದ್ದರೆ? ಈ ಪ್ರಶ್ನೆ ಕೆಲವು ವರ್ಷ ದೇಶವನ್ನೇ ಗೊಂದಲಕ್ಕೆ ನೂಕಿತ್ತು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮೂವರ ಬಹುಮತದಿಂದ, ಮುದ್ರಾಂಕ ಶುಲ್ಕ ಕಟ್ಟದ ಕರಾರಿನಲ್ಲಿರುವ ಆರ್ಬಿಟ್ರೇಷನ್ ಷರತ್ತು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ ಎಂದಿತು. ಅದೇ ವರ್ಷದ ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಏಳು ಜನರ ಪೀಠ ಕೂರಲು ಕಾರಣವಾದದ್ದು ಬೆಂಗಳೂರಿನ ಒಂದು ಹಳೆಯ ಧರ್ಮಛತ್ರದ ಆಸ್ತಿಯ ಗುತ್ತಿಗೆ ವ್ಯಾಜ್ಯದಲ್ಲಿ ಸಲ್ಲಿಕೆಯಾದ ಕ್ಯುರೇಟಿವ್ ಅರ್ಜಿ, ಅಂದರೆ ಅಂತಿಮ ತೀರ್ಪನ್ನೂ ಸರಿಪಡಿಸಲು ಕೋರುವ ಕೊನೆಯ ಅರ್ಜಿ. ಈಗಿನ ನಿಯಮ ಸರಳ: ಶುಲ್ಕ ಕಟ್ಟದ ಕಾಗದವನ್ನು ಸಾಕ್ಷ್ಯವಾಗಿ ಓದುವಂತಿಲ್ಲ, ಆದರೆ ಶುಲ್ಕವನ್ನೂ ದಂಡವನ್ನೂ ಕಟ್ಟಿ ಸರಿಪಡಿಸಿಕೊಳ್ಳಬಹುದು. ಅದನ್ನು ನೋಡುವ ಕೆಲಸ ಆರ್ಬಿಟ್ರೇಟರ್‌ದು. ಕರ್ನಾಟಕದ ಮುದ್ರಾಂಕ ಕಾಯ್ದೆಯಲ್ಲಿ ದಂಡ ಕೊರತೆಯ ಹತ್ತು ಪಟ್ಟಿನವರೆಗೆ ಏರುತ್ತದೆ. ಹಾಗಾಗಿ ಗುತ್ತಿಗೆ, ಜಂಟಿ ಅಭಿವೃದ್ಧಿಯಂಥ ದೊಡ್ಡ ಕರಾರುಗಳಿಗೆ ಮೊದಲೇ ಸರಿಯಾದ ಶುಲ್ಕ ಕಟ್ಟುವುದೇ ಅಗ್ಗ.

ಜಗಳ ಶುರುವಾದ ಮೇಲೆ ಮೊದಲ ಹೆಜ್ಜೆ ಸೆಕ್ಷನ್ 21ರ ನೋಟಿಸು. 'ಇಂಥ ಕರಾರು, ಇಂಥ ವಿವಾದ, ಇದನ್ನು ಆರ್ಬಿಟ್ರೇಷನ್ನಿಗೆ ಒಪ್ಪಿಸುತ್ತಿದ್ದೇನೆ, ಆರ್ಬಿಟ್ರೇಟರ್ ಆಗಿ ಇಂಥವರನ್ನು ಸೂಚಿಸುತ್ತೇನೆ' ಎಂಬ ಪತ್ರ ಅದು. ಎದುರಿನವರ ಕೈಗೆ ಅದು ತಲುಪಿದ ದಿನವೇ ಕಾನೂನಿನ ಲೆಕ್ಕದಲ್ಲಿ ಪ್ರಕರಣ ಆರಂಭವಾದ ದಿನ. ಬಾಕಿ ಹಣದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುವುದರಿಂದ ಆ ಅವಧಿಯೊಳಗೆ ನೋಟಿಸು ತಲುಪಲೇಬೇಕು. ಮಾತುಕತೆ ನಡೆಯುತ್ತಿದೆ, ಬಿಲ್ ಪಾಸಾಗುತ್ತದೆ ಎಂಬ ಭರವಸೆಯಲ್ಲಿ ಗುತ್ತಿಗೆದಾರರು ಕಾಲ ಕಳೆಯುತ್ತಾರೆ. ಬರಿಯ ಮಾತುಕತೆಯಿಂದ ಕಾಲಮಿತಿ ನಿಲ್ಲುವುದಿಲ್ಲ. ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಕಳಿಸಿ, ತಲುಪಿದ್ದಕ್ಕೆ ದಾಖಲೆ ಎತ್ತಿಟ್ಟುಕೊಳ್ಳಿ.

ಎದುರಿನವರು 30 ದಿನದೊಳಗೆ ಒಪ್ಪದಿದ್ದರೆ ಸೆಕ್ಷನ್ 11ರಡಿ ಹೈಕೋರ್ಟಿಗೆ ಹೋಗಬೇಕು. ಕರ್ನಾಟಕ ಹೈಕೋರ್ಟಿನಲ್ಲಿ ಈ ಅರ್ಜಿಗಳಿಗೆ ಸಿಎಂಪಿ (ಸಿವಿಲ್ ಮಿಸಲೇನಿಯಸ್ ಪಿಟಿಷನ್) ಎಂದು ಸಂಖ್ಯೆ ಬೀಳುತ್ತದೆ. ಒಬ್ಬ ಕಕ್ಷಿದಾರ ವಿದೇಶಿಯಾಗಿದ್ದರೆ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಈ ಹಂತದಲ್ಲಿ ನ್ಯಾಯಾಲಯ ಯಾರು ಸರಿ ಯಾರು ತಪ್ಪು ಎಂದು ನೋಡುವುದಿಲ್ಲ, ಮೇಲ್ನೋಟಕ್ಕೆ ಒಪ್ಪಂದವಿದೆಯೇ ಎಂಬುದನ್ನು ಮಾತ್ರ ನೋಡುತ್ತದೆ. ಸೆಕ್ಷನ್ 11ರ ಅರ್ಜಿಗೂ ಪ್ರತ್ಯೇಕವಾಗಿ ಮೂರು ವರ್ಷದ ಮಿತಿ ಇದೆ. ನೋಟಿಸಿಗೆ ಎದುರಿನವರು ಸ್ಪಂದಿಸದೆ ಹೋದಾಗಿನಿಂದ ಅದರ ಎಣಿಕೆ. ಬೆಂಗಳೂರಿನಲ್ಲಿ ಹೈಕೋರ್ಟ್ ಆಶ್ರಯದ ಆರ್ಬಿಟ್ರೇಷನ್ ಕೇಂದ್ರ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿದೆ. ಅಲ್ಲಿ ನಿವೃತ್ತ ನ್ಯಾಯಾಧೀಶರ ಮತ್ತು ಪರಿಣತರ ಪಟ್ಟಿ ಇರುತ್ತದೆ, ವಿಚಾರಣೆಗೆ ಕೊಠಡಿ, ಸಿಬ್ಬಂದಿ ಸಿಗುತ್ತಾರೆ. ಸಣ್ಣ ವ್ಯಾಜ್ಯದವರು ಕರಾರು ಬರೆಯುವಾಗಲೇ ಇಂಥ ಕೇಂದ್ರದ ಹೆಸರನ್ನು ಹಾಕಿಟ್ಟರೆ ಆರ್ಬಿಟ್ರೇಟರ್ ನೇಮಕದ ರಗಳೆಯೇ ತಪ್ಪುತ್ತದೆ.

ನೇಮಕದ ವಿಷಯದಲ್ಲಿ ಸಾಮಾನ್ಯ ಜನರಿಗೆ ಅತಿ ಹೆಚ್ಚು ಅನ್ಯಾಯವಾಗಿರುವುದು ಸಾಲದ ಕರಾರುಗಳಲ್ಲಿ. 'ಸಾಲ ಕೊಟ್ಟ ಕಂಪನಿ ನೇಮಿಸಿದ ಆರ್ಬಿಟ್ರೇಟರ್' ಎಂದು ಅಚ್ಚು ಹಾಕಿಸಿದ ನಮೂನೆಗೆ ರುಜು ಹಾಕಿಸಿಕೊಂಡು, ಕಂತು ತಪ್ಪಿದೊಡನೆ ದೂರದ ಊರಿನಿಂದ ನೋಟಿಸು, ವಾಟ್ಸಾಪಿನಲ್ಲಿ ವಿಚಾರಣೆಯ ದಿನಾಂಕ, ಹಾಜರಾಗದಿದ್ದರೆ ಏಕಪಕ್ಷೀಯ ಅವಾರ್ಡ್, ಕೊನೆಗೆ ಊರಿನ ಕೋರ್ಟಿನಿಂದ ಜಪ್ತಿ. ಕಾನೂನು ಈಗ ಈ ಪದ್ಧತಿಯ ಪರವಾಗಿಲ್ಲ. 2015ರ ತಿದ್ದುಪಡಿ ಸೇರಿಸಿದ ಸೆಕ್ಷನ್ 12(5) ಮತ್ತು ಏಳನೆಯ ಅನುಸೂಚಿಯ ಪ್ರಕಾರ ಕಕ್ಷಿದಾರನ ನೌಕರ, ಸಲಹೆಗಾರ, ವಕೀಲ ಇಂಥವರು ಆರ್ಬಿಟ್ರೇಟರ್ ಆಗುವಂತಿಲ್ಲ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳಿತು. 2024ರ ನವೆಂಬರ್ 8ರಂದು ಸಂವಿಧಾನ ಪೀಠ, ಸರ್ಕಾರಿ ಸಂಸ್ಥೆಗಳ ಗುತ್ತಿಗೆಗಳಲ್ಲಿ ಇಂಥ ಏಕಪಕ್ಷೀಯ ನೇಮಕದ ಷರತ್ತು ಸಮಾನತೆಯ 14ನೆಯ ವಿಧಿಗೆ ವಿರುದ್ಧ ಎಂದಿತು. ಇಲಾಖೆಯವರು ತಮ್ಮದೊಂದು ಪಟ್ಟಿ ಇಟ್ಟುಕೊಳ್ಳಬಹುದು, ಅದರಿಂದಲೇ ಆರಿಸಬೇಕೆಂದು ಗುತ್ತಿಗೆದಾರರನ್ನು ಒತ್ತಾಯಿಸುವಂತಿಲ್ಲ.

ಹಾಗಿದ್ದರೂ ಮನೆಯಲ್ಲಿ ಕೂತು ಸುಮ್ಮನಿದ್ದರೆ ಈ ತೀರ್ಪುಗಳು ಕೆಲಸಕ್ಕೆ ಬರುವುದಿಲ್ಲ. ಅಂಥ ನೋಟಿಸು ಬಂದೊಡನೆ 'ನಿಮ್ಮ ಏಕಪಕ್ಷೀಯ ನೇಮಕಕ್ಕೆ ನನ್ನ ಒಪ್ಪಿಗೆಯಿಲ್ಲ, ಸೆಕ್ಷನ್ 12(5)ರ ಹಕ್ಕನ್ನು ಬಿಟ್ಟುಕೊಟ್ಟಿಲ್ಲ' ಎಂದು ಬರಹದಲ್ಲಿ ಉತ್ತರಿಸಬೇಕು. ಈ ಹಕ್ಕನ್ನು ಬಿಟ್ಟುಕೊಡುವುದಾದರೆ ವಿವಾದ ಹುಟ್ಟಿದ ನಂತರ, ಸ್ಪಷ್ಟವಾದ ಲಿಖಿತ ಒಪ್ಪಿಗೆಯಿಂದ ಮಾತ್ರ ಸಾಧ್ಯ. ಆದ್ದರಿಂದ ಸಾಲ ಬಾಕಿಯಾದ ಮೇಲೆ ಕಂಪನಿಯವರು ತಂದುಕೊಡುವ ಯಾವ ಕಾಗದಕ್ಕೂ ಓದದೆ ರುಜು ಹಾಕಬೇಡಿ. ಅದರಲ್ಲಿ ಆ ಒಪ್ಪಿಗೆಯ ಸಾಲು ಅಡಗಿರಬಹುದು.

ವಿಚಾರಣೆ ಮುಗಿಯುವುದರೊಳಗೆ ಎದುರಿನವರು ಆಸ್ತಿ ಮಾರಿಬಿಟ್ಟರೆ ಅಥವಾ ಬ್ಯಾಂಕ್ ಗ್ಯಾರಂಟಿಯನ್ನು ನಗದು ಮಾಡಿಕೊಂಡರೆ ಏನು ಗತಿ? ಅದಕ್ಕೆ ಸೆಕ್ಷನ್ 9 ಇದೆ. ಆರ್ಬಿಟ್ರೇಷನ್ ಶುರುವಾಗುವ ಮೊದಲೇ ಕೋರ್ಟಿನಿಂದ ತಡೆಯಾಜ್ಞೆ ತರಬಹುದು. ತಂದ ದಿನದಿಂದ 90 ದಿನದೊಳಗೆ ಆರ್ಬಿಟ್ರೇಷನ್ ಆರಂಭಿಸಬೇಕು. ಆರ್ಬಿಟ್ರೇಟರ್ ಕೂತ ಮೇಲೆ ಸೆಕ್ಷನ್ 17ರಡಿ ಅವರೇ ಮಧ್ಯಂತರ ಆದೇಶ ಕೊಡುತ್ತಾರೆ, ಅದಕ್ಕೆ ಕೋರ್ಟಿನ ಆದೇಶದ ಬಲವಿದೆ.

ಇನ್ನು ಖರ್ಚು. ಕೋರ್ಟಿನಲ್ಲಿ ನ್ಯಾಯಾಧೀಶರ ಸಂಬಳ ಸರ್ಕಾರದ್ದು, ಇಲ್ಲಿ ತೀರ್ಪುಗಾರರ ಶುಲ್ಕ ಕಕ್ಷಿದಾರರ ಜೇಬಿನದು. ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಒಂದು ಮಾದರಿ ಪಟ್ಟಿ ಇದೆ. ವ್ಯಾಜ್ಯದ ಮೊತ್ತ 50 ಲಕ್ಷ ಎಂದುಕೊಳ್ಳಿ. 20 ಲಕ್ಷದಿಂದ 1 ಕೋಟಿಯವರೆಗಿನ ಸಾಲಿಗೆ ಅದು ಬರುತ್ತದೆ: 97,500 ರೂಪಾಯಿ, ಜತೆಗೆ 20 ಲಕ್ಷದ ಮೇಲಿನ 30 ಲಕ್ಷಕ್ಕೆ ಶೇ 3ರಂತೆ 90,000. ಒಟ್ಟು 1,87,500. ಒಬ್ಬರೇ ಆರ್ಬಿಟ್ರೇಟರ್ ಆದರೆ ಅದರ ಮೇಲೆ ಶೇ 25, ಅಂದರೆ 46,875 ಸೇರಿ 2,34,375 ರೂಪಾಯಿ. ಮೂವರ ಪೀಠವಾದರೆ ಒಬ್ಬೊಬ್ಬರಿಗೂ 1,87,500ರಂತೆ 5,62,500. ಇದನ್ನು ಸಾಮಾನ್ಯವಾಗಿ ಇಬ್ಬರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಈ ಲೆಕ್ಕ ನೋಡಿದರೆ ಒಂದು ಕೋಟಿಗಿಂತ ಕೆಳಗಿನ ಕರಾರಿನಲ್ಲಿ 'ಮೂವರು ಆರ್ಬಿಟ್ರೇಟರುಗಳು' ಎಂದು ಬರೆಸುವುದು ಸಣ್ಣ ಕಕ್ಷಿದಾರನಿಗೆ ಬಾಗಿಲು ಹಾಕಿದಂತೆ ಎಂಬುದು ಅರ್ಥವಾಗುತ್ತದೆ. ಪಟ್ಟಿಯ ಗರಿಷ್ಠ ಮಿತಿ ಒಬ್ಬ ಆರ್ಬಿಟ್ರೇಟರ್‌ಗೆ 30 ಲಕ್ಷ. ಈ ಪಟ್ಟಿ ಕಡ್ಡಾಯವಲ್ಲ, ಕಕ್ಷಿದಾರರು ಬೇರೆ ದರ ಒಪ್ಪಿಕೊಳ್ಳಬಹುದು. ಆದರೆ ಆರ್ಬಿಟ್ರೇಟರುಗಳು ತಮ್ಮ ಶುಲ್ಕವನ್ನು ತಾವೇ ಏಕಪಕ್ಷೀಯವಾಗಿ ನಿಗದಿ ಮಾಡಿಕೊಳ್ಳುವಂತಿಲ್ಲ ಎಂದು 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಸಭೆಯಲ್ಲೇ ಶುಲ್ಕದ ಮಾತು ಮುಗಿಸಿ ದಾಖಲೆಗೆ ಬರೆಸಿಬಿಡಿ. ಸಂಕೋಚಪಟ್ಟು ಸುಮ್ಮನಿದ್ದವರೇ ಆಮೇಲೆ ಕಷ್ಟಕ್ಕೆ ಸಿಕ್ಕುವುದು.

ವಿಚಾರಣೆ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಬದ್ಧವಲ್ಲ. ಇಬ್ಬರಿಗೂ ಸಮಾನ ಅವಕಾಶ ಸಿಗಬೇಕು, ಇಬ್ಬರಿಗೂ ತಮ್ಮ ಮಾತು ಪೂರ್ತಿ ಹೇಳಲು ಬಿಡಬೇಕು, ಅಷ್ಟೇ ಕಡ್ಡಾಯ. ವಾದಪತ್ರಗಳ ವಿನಿಮಯಕ್ಕೆ ಆರು ತಿಂಗಳು, ಅದು ಮುಗಿದ ಮೇಲೆ ಅವಾರ್ಡಿಗೆ 12 ತಿಂಗಳು. ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು. ಅಲ್ಲಿಗೆ ಎರಡು ವರ್ಷ. ಆಮೇಲೂ ಮುಗಿಯದಿದ್ದರೆ ಅವಧಿ ವಿಸ್ತರಿಸಲು ಕೋರ್ಟಿಗೇ ಹೋಗಬೇಕು. ಆರ್ಬಿಟ್ರೇಟರ್ ತಪ್ಪಿನಿಂದ ತಡವಾಗಿದ್ದರೆ ತಿಂಗಳಿಗೆ ಶೇ 5ರವರೆಗೆ ಅವರ ಶುಲ್ಕ ಕಡಿತ ಮಾಡುವ ಅಧಿಕಾರ ಕೋರ್ಟಿಗಿದೆ. ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಜ್ಯದಲ್ಲಿ ಈ ಗಡುವು ಕಡ್ಡಾಯವಲ್ಲ, ಅಷ್ಟರಲ್ಲಿ ಮುಗಿಸಲು ಯತ್ನಿಸಬೇಕೆಂದಷ್ಟೇ ಇದೆ.

ಅವಾರ್ಡ್ ಬಂತು. ಸೋತವರಿಗೆ ಉಳಿದಿರುವುದು ಸೆಕ್ಷನ್ 34. ಇದನ್ನು ಮೇಲ್ಮನವಿ ಎಂದುಕೊಂಡವರು ಬಹಳ. ಆದರೆ ಇಲ್ಲಿ ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವುದಿಲ್ಲ, ಆರ್ಬಿಟ್ರೇಟರ್ ಕಾನೂನನ್ನು ತಪ್ಪಾಗಿ ಅನ್ವಯಿಸಿದರು ಎಂಬ ಒಂದೇ ಕಾರಣಕ್ಕೆ ಅವಾರ್ಡ್ ಬೀಳುವುದಿಲ್ಲ. ಒಪ್ಪಂದವೇ ಅಸಿಂಧು, ನೋಟಿಸು ಸಿಗಲಿಲ್ಲ, ಒಪ್ಪಿಸದ ವಿಷಯವನ್ನು ತೀರ್ಮಾನಿಸಿದರು, ನೇಮಕ ಒಪ್ಪಂದದಂತೆ ಆಗಲಿಲ್ಲ, ವಂಚನೆ ನಡೆದಿದೆ, ಸಾರ್ವಜನಿಕ ನೀತಿಗೆ ವಿರುದ್ಧ ಇಂಥ ಕೆಲವೇ ಆಧಾರಗಳಿವೆ. ದೇಶೀಯ ವ್ಯಾಜ್ಯಕ್ಕೆ ಮಾತ್ರ ಇನ್ನೊಂದು ಆಧಾರವಿದೆ: ಅವಾರ್ಡಿನ ಮುಖದಲ್ಲೇ ಎದ್ದು ಕಾಣುವ ಕಾನೂನುಬಾಹಿರತೆ.

ಇದಕ್ಕೆ ಇರುವ ಗಡುವು ಇಡೀ ಕಾಯ್ದೆಯಲ್ಲೇ ಕಠಿಣವಾದದ್ದು. ರುಜು ಹಾಕಿದ ಅವಾರ್ಡ್ ಕೈಸೇರಿದ ದಿನದಿಂದ ಮೂರು ತಿಂಗಳು. ಸಾಕಷ್ಟು ಕಾರಣ ತೋರಿಸಿದರೆ ಇನ್ನು 30 ದಿನ. ಅದಾದ ಮೇಲೆ ಒಂದು ದಿನವನ್ನೂ ಮನ್ನಿಸುವ ಅಧಿಕಾರ ಯಾವ ಕೋರ್ಟಿಗೂ ಕಾಯ್ದೆ ಕೊಟ್ಟಿಲ್ಲ. ಜನವರಿ 10ರಂದು ಅವಾರ್ಡ್ ಬಂದರೆ ಏಪ್ರಿಲ್ 10ಕ್ಕೆ ಮೂರು ತಿಂಗಳು, ಮೇ 10ಕ್ಕೆ ಆ 30 ದಿನ. ನಮ್ಮ ನ್ಯಾಯಾಲಯಗಳಿಗೆ ಮೇ ತಿಂಗಳೆಂದರೆ ಬೇಸಿಗೆ ರಜೆ. ಮೂರು ತಿಂಗಳ ಕೊನೆಯ ದಿನ ರಜೆಯಲ್ಲಿ ಬಿದ್ದರೆ ಬಾಗಿಲು ತೆರೆದ ದಿನ ಸಲ್ಲಿಸಬಹುದು. ಹೆಚ್ಚುವರಿ 30 ದಿನದ ಕೊನೆ ರಜೆಯಲ್ಲಿ ಬಿದ್ದರೆ ಆ ರಿಯಾಯಿತಿ ಇಲ್ಲ. ರಜೆ ಮುಗಿಯಲೆಂದು ಕಾದವರ ಅರ್ಜಿ ಓದಿಸಿಕೊಳ್ಳದೆಯೇ ಬೀಳುತ್ತದೆ. ಆದ್ದರಿಂದ ಮನೆಗೆ ಅವಾರ್ಡಿನ ಲಕೋಟೆ ಬಂದ ದಿನವೇ ಅದರ ಮೇಲೆ ದಿನಾಂಕ ಬರೆದಿಟ್ಟು, ಅದೇ ವಾರ ವಕೀಲರ ಬಳಿ ಹೋಗಬೇಕು. ಮೂರು ಲಕ್ಷ ಮತ್ತು ಅದಕ್ಕೂ ಮೇಲಿನ ವಾಣಿಜ್ಯ ವ್ಯಾಜ್ಯವಾದರೆ ಅರ್ಜಿ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ.

ಅರ್ಜಿ ಹಾಕಿದರೆ ಹಣ ಕೊಡುವುದು ತಾನಾಗಿ ನಿಲ್ಲುತ್ತದೆಯೇ? 2015ರವರೆಗೆ ನಿಲ್ಲುತ್ತಿತ್ತು. ಈಗ ಪ್ರತ್ಯೇಕ ತಡೆಯಾಜ್ಞೆ ಬೇಕು, ಹಣದ ಅವಾರ್ಡಿಗೆ ಕೋರ್ಟು ಸಾಮಾನ್ಯವಾಗಿ ಠೇವಣಿ ಇಡಿಸುತ್ತದೆ. ಒಪ್ಪಂದವೋ ಅವಾರ್ಡೋ ವಂಚನೆ ಅಥವಾ ಭ್ರಷ್ಟಾಚಾರದಿಂದ ಹುಟ್ಟಿದೆ ಎಂದು ಮೇಲ್ನೋಟಕ್ಕೆ ಕಂಡರೆ ಬೇಷರತ್ ತಡೆ ಕೊಡಬೇಕೆಂಬುದು 2021ರ ತಿದ್ದುಪಡಿ. ತಡೆ ಸಿಕ್ಕರೂ ಹಣ ಪಾವತಿಯಾಗುವವರೆಗೆ ಬಡ್ಡಿ ಓಡುತ್ತಿರುತ್ತದೆ. ಅವಾರ್ಡಿನಲ್ಲಿ ಬೇರೆ ಹೇಳದಿದ್ದರೆ ಅವಾರ್ಡ್ ದಿನದ ಚಾಲ್ತಿ ದರಕ್ಕಿಂತ ಶೇ 2 ಹೆಚ್ಚು.

ಕೋರ್ಟು ಅವಾರ್ಡನ್ನು ರದ್ದು ಮಾಡಬಹುದು, ಆದರೆ ತಿದ್ದಬಹುದೇ ಎಂಬ ಪ್ರಶ್ನೆ ಹೆಚ್ಚು ಕಾಡಿದ್ದು ಹೆದ್ದಾರಿಗೆ ಜಮೀನು ಕಳೆದುಕೊಂಡ ರೈತರನ್ನು. ಆರ್ಬಿಟ್ರೇಷನ್ ಕಂಪನಿಗಳ ವ್ಯವಹಾರ ಎಂದುಕೊಂಡವರಿಗೆ ಇದು ಹೊಸದೆನಿಸೀತು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಭೂಸ್ವಾಧೀನವಾದಾಗ ಪರಿಹಾರ ಸಾಲದೆಂದರೆ ಹೋಗಬೇಕಾದದ್ದು ಕೇಂದ್ರ ಸರ್ಕಾರ ನೇಮಿಸಿದ ಆರ್ಬಿಟ್ರೇಟರ್ ಬಳಿ, ಸೆಕ್ಷನ್ 3ಜಿ(5)ರಡಿ. ಇಲ್ಲಿ ರೈತ ಯಾವ ಕರಾರಿಗೂ ರುಜು ಹಾಕಿಲ್ಲ, ಕಾನೂನೇ ಅವನನ್ನು ಈ ದಾರಿಗೆ ನಿಲ್ಲಿಸಿದೆ. ಆರ್ಬಿಟ್ರೇಟರ್ ಸಾಮಾನ್ಯವಾಗಿ ಸರ್ಕಾರಿ ಅಧಿಕಾರಿಯೇ. ತಮಿಳುನಾಡಿನ ಇಂಥ ಪ್ರಕರಣದಲ್ಲಿ ಚದರ ಮೀಟರಿಗೆ ನೂರು ರೂಪಾಯಿಗೂ ಕಡಿಮೆ ಕೊಟ್ಟಿದ್ದ ಜಾಗಕ್ಕೆ ಜಿಲ್ಲಾ ನ್ಯಾಯಾಲಯ 645 ರೂಪಾಯಿಗೆ ಏರಿಸಿತ್ತು. ಸೆಕ್ಷನ್ 34ರಲ್ಲಿ ಮೊತ್ತ ಏರಿಸುವ ಅಧಿಕಾರವಿಲ್ಲ ಎಂದು 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ರೈತರ ಮಟ್ಟಿಗೆ ಮಾತ್ರ ಏರಿಸಿದ ಹಣವನ್ನು ಕೈಬಿಡಿಸಲಿಲ್ಲ. ಉಳಿದ ರೈತರಿಗೆ ಉಳಿದದ್ದು ಒಂದೇ ದಾರಿ: ರದ್ದು ಮಾಡಿಸಿ, ಮತ್ತೆ ಮೊದಲಿನಿಂದ ಆರ್ಬಿಟ್ರೇಟರ್ ಮುಂದೆ ನಿಲ್ಲುವುದು. 2025ರ ಏಪ್ರಿಲ್ 30ರ ಗಾಯತ್ರಿ ಬಾಲಸಾಮಿ ತೀರ್ಪಿನಲ್ಲಿ ಸಂವಿಧಾನ ಪೀಠ ನಾಲ್ವರ ಬಹುಮತದಿಂದ ಸ್ವಲ್ಪ ಸಡಿಲಿಸಿದೆ. ಅವಾರ್ಡಿನ ಕೆಟ್ಟ ಭಾಗವನ್ನು ಬೇರ್ಪಡಿಸಬಹುದು, ಲೆಕ್ಕದ, ಬರಹದ ತಪ್ಪು ಸರಿಪಡಿಸಬಹುದು, ಅವಾರ್ಡ್ ನಂತರದ ಬಡ್ಡಿ ಬದಲಿಸಬಹುದು. ಜಮೀನಿನ ದರವನ್ನೇ ಹೊಸದಾಗಿ ನಿಗದಿ ಮಾಡುವಷ್ಟು ದೂರ ಅದು ಹೋಗಿಲ್ಲ. ಕರಾರಿನಿಂದ ಬಂದ ಕಕ್ಷಿದಾರನಿಗೂ ಬಲವಂತವಾಗಿ ಇಲ್ಲಿಗೆ ಬಂದ ರೈತನಿಗೂ ಒಂದೇ ಕಿರಿದಾದ ಬಾಗಿಲು ಇಡುವುದು ನ್ಯಾಯವಲ್ಲ, ಸಂಸತ್ತು ಹೆದ್ದಾರಿ ಪ್ರಕರಣಗಳಿಗೆ ಪೂರ್ಣ ಮೇಲ್ಮನವಿಯನ್ನೇ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ ರೈತರು ಮಾಡಬಹುದಾದದ್ದು ಎಲ್ಲ ಸಾಕ್ಷ್ಯವನ್ನೂ, ಅಂದರೆ ಅಕ್ಕಪಕ್ಕದ ಜಮೀನಿನ ಕ್ರಯಪತ್ರ, ಪರಿವರ್ತನೆ ಆದೇಶ, ಬೋರ್‌ವೆಲ್, ಮರಗಳ ಎಣಿಕೆ ಎಲ್ಲವನ್ನೂ ಆರ್ಬಿಟ್ರೇಟರ್ ಮುಂದೆಯೇ ಇಡುವುದು. ಮುಂದೆ ಜಿಲ್ಲಾ ನ್ಯಾಯಾಲಯದಲ್ಲಿ ತೋರಿಸಿದರಾಯಿತು ಎಂದುಕೊಂಡರೆ ಅಲ್ಲಿ ಅದನ್ನು ನೋಡುವವರಿಲ್ಲ.

ಈಗ ವಿದೇಶದ ಮಾತು. ಒಬ್ಬ ಕಕ್ಷಿದಾರ ವಿದೇಶಿ ಪ್ರಜೆ, ವಿದೇಶದಲ್ಲಿ ನೋಂದಾಯಿತ ಕಂಪನಿ ಅಥವಾ ವಿದೇಶಿ ಸರ್ಕಾರವಾಗಿದ್ದರೆ ಅದು ಅಂತಾರಾಷ್ಟ್ರೀಯ ವಾಣಿಜ್ಯ ಆರ್ಬಿಟ್ರೇಷನ್. ಇದರ ದೊಡ್ಡ ಲಾಭ 1958ರ ನ್ಯೂಯಾರ್ಕ್ ಒಡಂಬಡಿಕೆಯದು. ಬೆಂಗಳೂರಿನ ಕೋರ್ಟಿನ ಡಿಕ್ರಿ ಹಿಡಿದು ಕ್ಯಾಲಿಫೋರ್ನಿಯಾದ ಗಿರಾಕಿಯಿಂದ ವಸೂಲಿ ಮಾಡಲು ಎರಡು ದೇಶಗಳ ನಡುವೆ ಸುಲಭದ ಏರ್ಪಾಟಿಲ್ಲ. ಆರ್ಬಿಟ್ರೇಷನ್ ಅವಾರ್ಡ್ ಆದರೆ 170ಕ್ಕೂ ಹೆಚ್ಚು ದೇಶಗಳ ನ್ಯಾಯಾಲಯಗಳು ಅದನ್ನು ಮಾನ್ಯ ಮಾಡಲು ಬದ್ಧ. ಸಾಫ್ಟ್‌ವೇರ್ ರಫ್ತು ಮಾಡುವ ಸಣ್ಣ ಕಂಪನಿಗಳು ಈ ಷರತ್ತನ್ನು ಬೇಡವೆನ್ನದೆ, ಅದರಲ್ಲಿ ಸೀಟ್ ಎಲ್ಲಿದೆ ಎಂಬುದರ ಮೇಲೆ ಚೌಕಾಸಿ ಮಾಡಬೇಕು.

ಸೀಟ್ ಎಂದರೆ ಸಭೆ ಸೇರುವ ಜಾಗ ಮಾತ್ರವಲ್ಲ. ಸಭೆ ವಿಡಿಯೊದಲ್ಲೂ ನಡೆಯಬಹುದು. ಯಾವ ದೇಶದ ಆರ್ಬಿಟ್ರೇಷನ್ ಕಾನೂನು ಅನ್ವಯ, ಅವಾರ್ಡನ್ನು ಯಾವ ಕೋರ್ಟು ರದ್ದು ಮಾಡಬಲ್ಲದು ಎಂಬುದನ್ನು ಸೀಟ್ ತೀರ್ಮಾನಿಸುತ್ತದೆ. 2012ರ ಸೆಪ್ಟೆಂಬರಿನ ಬಾಲ್ಕೊ ತೀರ್ಪಿನಿಂದ ಇದು ಗಟ್ಟಿಯಾಯಿತು: ವಿದೇಶದಲ್ಲಿ ಸೀಟ್ ಇದ್ದರೆ ಅವಾರ್ಡನ್ನು ರದ್ದು ಮಾಡಿಸಲು ಭಾರತದ ಕೋರ್ಟಿಗೆ ಬರುವಂತಿಲ್ಲ. ಸಿಂಗಪುರ ಎಂದು ಬರೆದಿದ್ದರೆ ಸಿಂಗಪುರದ ಕೋರ್ಟಿಗೇ, ಅಲ್ಲಿನ ವಕೀಲರ ಶುಲ್ಕ ಕೊಟ್ಟು ಹೋಗಬೇಕು. 2015ರ ತಿದ್ದುಪಡಿ ಒಂದು ಸಹಾಯ ಮಾಡಿದೆ. ಸೀಟ್ ಹೊರಗಿದ್ದರೂ, ಕರಾರಿನಲ್ಲಿ ಬೇಡವೆನ್ನದಿದ್ದರೆ, ಎದುರಿನವರ ಆಸ್ತಿ ಇಲ್ಲಿದ್ದಾಗ ಸೆಕ್ಷನ್ 9ರ ಮಧ್ಯಂತರ ರಕ್ಷಣೆಯನ್ನು ಇಲ್ಲಿನ ಕೋರ್ಟಿನಲ್ಲಿ ಕೇಳಬಹುದು. ಎರಡು ಭಾರತೀಯ ಕಂಪನಿಗಳೂ ಬೇಕೆಂದರೆ ವಿದೇಶಿ ಸೀಟ್ ಆರಿಸಿಕೊಳ್ಳಬಹುದು ಎಂದು 2021ರಲ್ಲಿ ತೀರ್ಪಾಗಿದೆ. ಕರ್ನಾಟಕದೊಳಗಿನ ಇಬ್ಬರು ವ್ಯಾಪಾರಿಗಳಿಗೆ ಅದರಿಂದ ಖರ್ಚು ಹೊರತು ಬೇರೇನೂ ಸಿಗದು.

ಅವಾರ್ಡ್ ಗೆದ್ದ ಮಾತ್ರಕ್ಕೆ ಎಲ್ಲವೂ ಮುಗಿಯಿತೇ ಎಂಬುದಕ್ಕೆ ಬೆಂಗಳೂರಿನದೇ ದೊಡ್ಡ ಉದಾಹರಣೆ ಇದೆ. ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್, 2005ರ ಜನವರಿ 28ರಂದು ದೇವಾಸ್ ಮಲ್ಟಿಮೀಡಿಯಾ ಜತೆ ಎಸ್-ಬ್ಯಾಂಡ್ ತರಂಗಾಂತರದ ಒಪ್ಪಂದ ಮಾಡಿಕೊಂಡಿತು. 2011ರ ಫೆಬ್ರುವರಿಯಲ್ಲಿ ಅದು ರದ್ದಾಯಿತು. 2015ರ ಸೆಪ್ಟೆಂಬರಿನಲ್ಲಿ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ ಆರ್ಬಿಟ್ರೇಷನ್ ಪೀಠ ದೇವಾಸ್‌ಗೆ 56.25 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕೆಂದಿತು. ಸೀಟ್ ನವದೆಹಲಿ ಆಗಿದ್ದರಿಂದ ಸೆಕ್ಷನ್ 34ರ ದಾರಿ ಭಾರತದಲ್ಲೇ ಉಳಿದಿತ್ತು. 2021ರ ಮೇ ತಿಂಗಳಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ದೇವಾಸ್ ಅನ್ನು ವಂಚನೆಯ ಕಾರಣಕ್ಕೆ ಮುಚ್ಚಲು ಆದೇಶಿಸಿತು, 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಅವಾರ್ಡನ್ನು ರದ್ದು ಮಾಡಿತು. ಸೀಟ್ ಪ್ಯಾರಿಸ್ಸೋ ಸಿಂಗಪುರವೋ ಆಗಿದ್ದರೆ ಅವಾರ್ಡನ್ನು ರದ್ದು ಮಾಡುವ ಅಧಿಕಾರ ದೆಹಲಿ ಹೈಕೋರ್ಟಿಗೆ ಇರುತ್ತಿರಲಿಲ್ಲ.

ಇತ್ತ ಕೇಂದ್ರ ಸರ್ಕಾರವೇ ತನ್ನ ಕರಾರುಗಳಲ್ಲಿ ಆರ್ಬಿಟ್ರೇಷನ್ನಿನಿಂದ ಹಿಂದೆ ಸರಿಯುತ್ತಿದೆ. 2024ರ ಜೂನ್ 3ರ ಹಣಕಾಸು ಸಚಿವಾಲಯದ ಮಾರ್ಗಸೂಚಿ, ಕೇಂದ್ರದ ಇಲಾಖೆಗಳ ಖರೀದಿ ಕರಾರುಗಳಲ್ಲಿ ಆರ್ಬಿಟ್ರೇಷನ್ನನ್ನು 10 ಕೋಟಿಗಿಂತ ಕಡಿಮೆಯ ವ್ಯಾಜ್ಯಗಳಿಗೆ ಸೀಮಿತಗೊಳಿಸಲು ಹೇಳುತ್ತದೆ. ಕೇಂದ್ರದ ಟೆಂಡರ್ ಹಾಕುವ ಗುತ್ತಿಗೆದಾರರು ಹಳೆಯ ನಮೂನೆಯ ಷರತ್ತೇ ಇರುತ್ತದೆ ಎಂದು ನಂಬಿಕೊಂಡಿರಬಾರದು, ಪ್ರತಿ ಟೆಂಡರಿನಲ್ಲೂ ಓದಬೇಕು.

ಸಣ್ಣ ಕೈಗಾರಿಕೆಯವರಿಗೆ ಇನ್ನೊಂದು ದಾರಿ ಇದೆ, ಅದು ಈ ಕಾಯ್ದೆಗಿಂತ ಬಲವಾದದ್ದು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಕೊಟ್ಟರೆ ಮೊದಲು ರಾಜಿ ಯತ್ನ, ಆಗದಿದ್ದರೆ ಆರ್ಬಿಟ್ರೇಷನ್. ಕೊಂಡವರು ಅವಾರ್ಡನ್ನು ಪ್ರಶ್ನಿಸಬೇಕಾದರೆ ಮೊದಲು ಶೇ 75 ಹಣ ಕೋರ್ಟಿಗೆ ಕಟ್ಟಬೇಕು. ಕರಾರಿನಲ್ಲಿ ಬೇರೆ ಆರ್ಬಿಟ್ರೇಷನ್ ಷರತ್ತು ಇದ್ದರೂ ಈ ಬಾಗಿಲು ತೆರೆದೇ ಇರುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉದ್ಯಮ್ ನೋಂದಣಿಯನ್ನು ಮಾಲು ಕಳಿಸುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಜಗಳ ಬಂದ ಮೇಲೆ ನೋಂದಾಯಿಸಿದರೆ ಅದೇ ಇನ್ನೊಂದು ಜಗಳವಾಗುತ್ತದೆ.

ಗೆದ್ದವರಿಗೆ ಉಳಿದಿರುವುದು ಅಮಲ್ಜಾರಿ. ಸೆಕ್ಷನ್ 34ರ ಅವಧಿ ಮುಗಿದ ಮೇಲೆ, ತಡೆಯಾಜ್ಞೆ ಇಲ್ಲದಿದ್ದರೆ, ಅವಾರ್ಡನ್ನು ಡಿಕ್ರಿಯಂತೆ ಜಾರಿ ಮಾಡಿಸಬಹುದು. ಸೀಟ್ ಚೆನ್ನೈಯಲ್ಲಿದ್ದು ಸಾಲಗಾರನ ಮಳಿಗೆ ಹುಬ್ಬಳ್ಳಿಯಲ್ಲಿದ್ದರೆ ಚೆನ್ನೈ ಕೋರ್ಟಿನಿಂದ ವರ್ಗಾವಣೆ ತರಬೇಕಾಗಿಲ್ಲ, ನೇರವಾಗಿ ಹುಬ್ಬಳ್ಳಿಯಲ್ಲೇ ಅರ್ಜಿ ಹಾಕಬಹುದು ಎಂದು 2018ರಲ್ಲಿ ತೀರ್ಮಾನವಾಗಿದೆ. ಇದಕ್ಕೆ 12 ವರ್ಷ ಕಾಲಾವಕಾಶವಿದೆ. ವಿದೇಶದ ಅವಾರ್ಡಿಗೆ ಇಷ್ಟು ಕಾಲವಿಲ್ಲ. 2020ರ ವೇದಾಂತ ತೀರ್ಪಿನಂತೆ ಮೂರು ವರ್ಷದೊಳಗೆ ಹೈಕೋರ್ಟಿಗೆ ಹೋಗಬೇಕು. ಅವಾರ್ಡ್ ಬಂದ ದೇಶ ಭಾರತ ಸರ್ಕಾರದ ರಾಜಪತ್ರದಲ್ಲಿ ಅಧಿಸೂಚಿತವಾಗಿರಬೇಕು. ಮೂಲ ಅವಾರ್ಡ್ ಅಥವಾ ಅಲ್ಲಿನ ಕಾನೂನಿನಂತೆ ದೃಢೀಕರಿಸಿದ ಪ್ರತಿ, ಮೂಲ ಒಪ್ಪಂದ ಅಥವಾ ಅದರ ದೃಢೀಕೃತ ಪ್ರತಿ, ಅದು ವಿದೇಶದ ಅವಾರ್ಡ್ ಎಂಬುದಕ್ಕೆ ಸಾಕ್ಷ್ಯ ಮೂರನ್ನೂ ಮೊದಲ ದಿನವೇ ಲಗತ್ತಿಸಬೇಕು.